ಪತ್ರದ ಪಕ್ಕದ ಜಾಹೀರಾತು

ಗುರುವಾರ, ಬೆಳಿಗ್ಗೆ ಏಳು ಗಂಟೆ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಮೇಲ್ ತೆರೆದರೆ ನಿನ್ನ ಪತ್ರದ ಪಕ್ಕದಲ್ಲಿ ಒಂದು ಹಿತ್ತಾಳೆ ಚಿಲಕದ ಚಿತ್ರವಿತ್ತು. ‘ಒಂಟಿ ಮಹಿಳೆಯರಿಗೆ ಭದ್ರ ಬಾಗಿಲು’ ಎಂಬ ಜಾಹೀರಾತು. ಕೋಣೆಯ ಚಿಲಕ ಸಡಿಲವಾಗಿದೆ ಎಂದು ನೀನು ಬರೆದದ್ದು ನನಗೊಬ್ಬಳಿಗೆ.

ಹೆದರಬೇಡ ಎಂದು ಬರೆಯಲಾರೆ. ನೀನು ಇವತ್ತೇ ಆ ಕೋಣೆ ಬಿಡಬೇಕು. ಭಾವ ನಾಳೆ ಬೆಳಗಿನ ರೈಲಿಗೆ ಅಲ್ಲಿಗೆ ಬರುತ್ತಿದ್ದಾರೆ.

ನೀನು ಅವರ ಮನೆ ಬಿಟ್ಟು ಮೂರು ತಿಂಗಳು. ಎಲ್ಲಿದ್ದೀಯೆಂದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ನಿನ್ನೆ ಸಂಜೆ ಅವರು ಬಂದಾಗ ನಾನು ನಡುಮನೆಯ ಕಂಪ್ಯೂಟರಿನಲ್ಲಿ ನಿನ್ನ ಪತ್ರ ಓದುತ್ತಿದ್ದೆ. ಚಪ್ಪಲಿಯ ಸದ್ದು ಕೇಳಿ ಪತ್ರ ಮುಚ್ಚಿದೆ. ಪಕ್ಕದ ಜಾಹೀರಾತುಗಳು ಹಾಗೇ ಉಳಿದವು. “ಏನೇ ಪುಸ್ತಕದ ಹುಳ, ಮದುವೆಗೆ ಮುಂಚೇನೇ ಡೈವೋರ್ಸ್ ವಕೀಲರನ್ನ ಹುಡುಕ್ತಿದ್ದೀಯಾ?” ಎಂದು ನಕ್ಕರು. ಅಮ್ಮನೂ ನಕ್ಕಳು. ಆ ವಕೀಲರ ಜಾಹೀರಾತಿನ ಕೆಳಗೆ ಇನ್ನೊಂದು: ನೀನಿರುವ ಬಂದರಿನ ಊರಿನ ಹೆಸರು, ಹೆಂಗಸರಿಗೆ ಬಾಡಿಗೆ ಕೋಣೆಗಳು. ಅವರ ನಗು ಅಲ್ಲಿಗೇ ನಿಂತಿತು. “ಗಂಡ ಹೆಂಡ್ತಿ ಕೂತು ಮಾತಾಡ್ಕೊಳ್ಲಿ ಬಿಡೇ, ಮಧ್ಯದಲ್ಲಿ ನಿಂದೇನು?” ಎಂದಳು ಅಮ್ಮ. ಅಮ್ಮ ನಿನ್ನ ಬೆನ್ನು ನೋಡಿಲ್ಲ. ನಾನು ನೋಡಿದ್ದೇನೆ.

ಪುಕ್ಕಟೆ ಖಾತೆ ಎಂದು ನಾನೇ ನಿನಗೆ ತೆರೆದುಕೊಟ್ಟೆ. ಸಾಹಿತ್ಯ ಓದಿದವಳು, ನಿಬಂಧನೆ ಓದದೆ ‘ಒಪ್ಪಿದೆ’ ಎಂದು ಒತ್ತಿದೆ. ಈಗ ಓದಿದೆ. ನಮ್ಮ ಪತ್ರಗಳನ್ನು ಮನುಷ್ಯರು ಯಾರೂ ಓದುವುದಿಲ್ಲವಂತೆ, ಯಂತ್ರ ಮಾತ್ರ ಓದುತ್ತದಂತೆ. ಓದಿದ್ದನ್ನು ನಡುಮನೆಯಲ್ಲಿ ಬೋರ್ಡು ಹಾಕುತ್ತದೆ ಎಂದು ಎಲ್ಲೂ ಬರೆದಿಲ್ಲ.

ನಿನ್ನ ಹತ್ತಿರ ಫೋನಿಲ್ಲ; ಮೇಲ್ ಕಳಿಸಿದರೆ ನೀನು ನೋಡುವುದು ಸೋಮವಾರ, ಹೊಲಿಗೆ ಅಂಗಡಿಗೆ ಹೋಗಿ ಅಲ್ಲಿನ ಕಂಪ್ಯೂಟರ್ ತೆರೆದಾಗ. ಅದಕ್ಕೇ ಈ ಕಾಗದ. ನಾನು ಕೆಲಸಕ್ಕೆ ಹೋಗುವ ಗ್ರಂಥಾಲಯದ ಮೇಡಂ ಒಂಬತ್ತರ ಬಸ್ಸಿಗೆ ನಿನ್ನ ಊರಿಗೆ ಹೊರಟಿದ್ದಾರೆ. ಒಂದು ಪ್ರಶ್ನೆಯನ್ನೂ ಕೇಳದೆ ತಲುಪಿಸಲು ಒಪ್ಪಿದರು. ಸಂಜೆಯೊಳಗೆ ನಿನ್ನ ಕೈಸೇರಬಹುದು. ಸೇರದಿದ್ದರೆ ಏನು ಎಂದು ಯೋಚಿಸಲು ನನ್ನಿಂದ ಆಗುತ್ತಿಲ್ಲ.

ನಿನ್ನ
ಗುಮ್ಮನಗುಸುಕಿ

ತಾ.ಕ.: ಮೇಲೆ ಒಂದು ಮಾತು ಬಿಟ್ಟಿದ್ದೇನೆ. ಜಾಹೀರಾತು ಹೇಳಿದ್ದು ಊರನ್ನು ಮಾತ್ರ. ಬೀದಿ ಹೇಳಿದವಳು ನಾನು. ಭಾವ ಗದರಲಿಲ್ಲ ಅಕ್ಕಾ, ಅತ್ತರು. “ಒಂದ್ಸಲ ಕ್ಷಮೆ ಕೇಳ್ಬಿಟ್ಟು ಬಂದ್ಬಿಡ್ತೀನಿ ಕಣಮ್ಮ” ಎಂದರು. ಆಮೇಲೆ ಕಣ್ಣೊರೆಸಿಕೊಂಡು ಅದೇ ಕಂಪ್ಯೂಟರಿನಲ್ಲಿ ಟಿಕೆಟ್ ತೆಗೆದರು: ಹೋಗುವುದಕ್ಕೆ ಒಂದು, ಬರುವುದಕ್ಕೆ ಎರಡು. ಇನ್ನು ನೀನು ಎಲ್ಲಿಗೆ ಹೋದರೂ ನನಗೆ ತಿಳಿಸಬೇಡ. ಮೇಲ್ ಬರೆದರೂ ತಲುಪದು. ನನ್ನ ಖಾತೆ ಅಳಿಸಿಯೇ ಈ ಕಾಗದ ಬರೆಯಲು ಕೂತೆ.