ಎಪ್ಪತ್ತಮೂರನೆಯ ಕುಣಿಕೆ

ನಮ್ಮ ಮನೆ, ನಿನ್ನ ಕಿಟಕಿಯ ಪಕ್ಕದ ಕುರ್ಚಿ
ತಾರೀಕು ಹದಿನಾಲ್ಕು, ಶನಿವಾರ, ಮಧ್ಯಾಹ್ನ

ಸಮಸ್ತ ಉಲ್ಲನ್ ಉಂಡೆಗಳ ಒಡತಿಯೂ, ಬರೀ ಎರಡು ಕಡ್ಡಿಗಳ ಬಲದಿಂದ ನಲವತ್ತು ವರ್ಷ ಈ ಮನೆಯನ್ನು ಆಳಿದವಳೂ, ನವಜಾತ ಶಿಶುಗಳ ಶಿರೋರಕ್ಷಕಿಯೂ, ಸುಳ್ಳು ಹೇಳುವವರ ಕಿವಿಯನ್ನು ಕಣ್ಣು ಮುಚ್ಚಿಕೊಂಡೇ ಹುಡುಕಿ ಹಿಂಡಬಲ್ಲ ಮಹಾಮಹಿಮಳೂ ಆದ ಪ್ರೀತಿಯ ಅಜ್ಜಿಯ ದಿವ್ಯ ಸನ್ನಿಧಾನಕ್ಕೆ, ಈ ಮನೆಯ ಅತಿ ಕಿರಿಯ ಹಾಗೂ ಅತಿ ನಿರುಪಯುಕ್ತ ಮೊಮ್ಮಗಳಾದ ತರಲೆಯು ನಡುಬಗ್ಗಿಸಿ ಮಾಡಿಕೊಳ್ಳುವ ಬಿನ್ನಹ.

ಮೊದಲು ಆರೋಗ್ಯದ ವಿಚಾರ. ಎಡಗಾಲಿನ ಹೆಬ್ಬೆರಳಿನ ಉಗುರು ಈಗ ಹೇಗಿದೆ? ಕಣ್ಣಿಗೆ ಹಾಕಬೇಕಾದ ಹನಿಯನ್ನು ಅತ್ತೆ ನಿನ್ನ ಮೂಗಿಗೇ ಹಾಕುತ್ತಾರೆ ಎಂದು ಅಕ್ಕನಿಗೆ ಫೋನಿನಲ್ಲಿ ದೂರಿದೆಯಂತೆ, ಈಗಲಾದರೂ ಅವರ ಗುರಿ ಸುಧಾರಿಸಿದೆಯೇ? ಅವರ ಮನೆಯ ಸೋಫಾದಲ್ಲಿ ಮಾತ್ರ ಕೂರಬೇಡ. ಅದು ಕೂತವರನ್ನು ನುಂಗುತ್ತದೆ, ಹೋದ ಸಲ ದೊಡ್ಡಪ್ಪನನ್ನು ಎಳೆದು ಎಬ್ಬಿಸಲು ಇಬ್ಬರು ಬೇಕಾದರು. ಇಲ್ಲಿ ನಾವೆಲ್ಲ ನೀನು ಬಿಟ್ಟುಹೋದ ಹಾಗೇ ಇದ್ದೇವೆ. ಅಮ್ಮ ಎಲ್ಲರನ್ನೂ ಬೈದು ಮುಗಿಸಿ ಈಗ ಮಿಕ್ಸಿಯನ್ನು ಬೈಯುತ್ತಿದ್ದಾರೆ. ಅಪ್ಪ ಮೊನ್ನೆ ಬ್ರೆಡ್ ತರಲು ಹೋಗಿ ಕ್ಷೌರ ಮಾಡಿಸಿಕೊಂಡು ಬಂದರು. ಬ್ರೆಡ್ ಎಲ್ಲಿ ಅಂದರೆ "ಯಾವ ಬ್ರೆಡ್ಡು?" ಅಂತ ನಮ್ಮನ್ನೇ ಕೇಳಿದರು. ಅವರನ್ನು ಯಾರೂ ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿಲ್ಲ ನೋಡು.

ನನ್ನ ಭಾಷೆ ಯಾಕೆ ಇಷ್ಟು ಜರತಾರಿ ಉಟ್ಟುಕೊಂಡಿದೆ ಎಂದು ಕೇಳಬೇಡ. ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಈ ವಾರವೆಲ್ಲ ಮದುವೆ ಕಾಗದಗಳು. ಬೆಳಗಿನಿಂದ ಸಂಜೆಯವರೆಗೆ ಯಾರು ಯಾರದ್ದೋ ಬಂಧುಮಿತ್ರರನ್ನು ಸಕುಟುಂಬ ಸಮೇತ ಆದರದಿಂದ ಆಹ್ವಾನಿಸಿ ಆಹ್ವಾನಿಸಿ, ಬಸ್ಸಿನಲ್ಲಿ ಚಿಲ್ಲರೆ ಕೇಳುವಾಗಲೂ ಕಂಡಕ್ಟರಿಗೆ "ತಾವು ದಯಮಾಡಿಸಿ" ಅಂದುಬಿಟ್ಟೆ. ಇರಲಿ. ಈ ಪತ್ರದಲ್ಲಿ ಹೇಳಬೇಕಾದದ್ದನ್ನು ಫೋನಿನಲ್ಲೇ ಹೇಳಬಹುದಿತ್ತು. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಿನ್ನ ದನಿ ಕೇಳಿದ ತಕ್ಷಣ "ಊಟ ಆಯ್ತಾ ಅಜ್ಜಿ" ಅಂದೆ, ನೀನು "ಆಯ್ತು" ಅಂದೆ, ನಾನು ಇಟ್ಟುಬಿಟ್ಟೆ. ಒಂದು ಸಲವಂತೂ ಬೆಳಿಗ್ಗೆ ಏಳು ಗಂಟೆ. ಆದ್ದರಿಂದ ನಾಳೆ ಬೆಳಿಗ್ಗೆ ಅಲ್ಲಿಗೆ ಬರುವ ದೊಡ್ಡಪ್ಪನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಈಗ ಸಮಾಚಾರ. ಕುರ್ಚಿ ಗಟ್ಟಿಯಾಗಿ ಹಿಡಿದುಕೋ (ಸೋಫಾ ಅಲ್ಲ): ಆಸ್ಪತ್ರೆಯ ಕೂಸುಗಳಿಗೆ ನೀನು ಹೆಣೆದು ಕೊಡುತ್ತಿದ್ದಂಥ ಟೋಪಿಯನ್ನು ನಾನು ಹೆಣೆಯುತ್ತಿದ್ದೇನೆ. ಹೌದು, ನಾನೇ. ನೀನು "ಇನ್ನು ನನಗಿದು ಆಗಲ್ಲ" ಎಂದು ಬಿಟ್ಟುಹೋದ, ತಂತಿಯಿಂದ ಜೋಡಿಸಿದ ಅದೇ ಜೋಡಿ ಕಡ್ಡಿ, ಬುಟ್ಟಿಯಲ್ಲಿದ್ದ ಅದೇ ಹಳದಿ ಉಲ್ಲನ್. ನನ್ನ ಮೊದಲನೆಯ ಟೋಪಿ ಕೂಸಿಗೂ ಆಗಲಿಲ್ಲ, ದೊಡ್ಡವರಿಗೂ ಆಗಲಿಲ್ಲ. ಅಪ್ಪ ಅದನ್ನು ಎತ್ತಿ ಎರಡೂ ಕಡೆ ತಿರುಗಿಸಿ ನೋಡಿ "ಇದರ ಇನ್ನೊಂದು ಕಾಲು ಎಲ್ಲಿ?" ಅಂದರು. ಈಗ ಅದು ಟೀ ಪಾತ್ರೆಗೆ ಹೊದಿಕೆಯಾಗಿದೆ, ಟೀ ಅರ್ಧ ಗಂಟೆ ಬಿಸಿಯಾಗಿರುತ್ತದೆ. ಎರಡನೆಯದರಲ್ಲಿ ಒಂದು ತೂತಿತ್ತು. ಅದು ವಿನ್ಯಾಸ ಎಂದು ನಾನು ವಾದಿಸಿದೆ. ಅಕ್ಕ ಆ ತೂತಿನೊಳಗೆ ಬೆರಳು ಹಾಕಿ ಅಲ್ಲಾಡಿಸಿ ನನ್ನ ವಾದವನ್ನು ವಜಾ ಮಾಡಿದಳು.

ನಿನ್ನ ಜಾಗದಲ್ಲಿ ಕೂತು ಹೆಣೆದ ಮೇಲೆ ನಿನ್ನ ಒಂದೊಂದೇ ಗುಟ್ಟು ಬಯಲಾಗುತ್ತಿದೆ. ಕೈ ತನ್ನ ಪಾಡಿಗೆ ಓಡುತ್ತಿರುವಾಗ ಕಣ್ಣಿಗೆ ಬೇರೆ ಕೆಲಸವಿರುವುದಿಲ್ಲ, ಬೀದಿ ತಾನಾಗಿಯೇ ಒಳಗೆ ಬರುತ್ತದೆ. ಎದುರುಮನೆ ಟೈಲರ್ ಗಿರಾಕಿ ಬಂದಾಗ ಮಾತ್ರ ಮಿಷನ್ ತುಳಿಯುತ್ತಾರೆ, ಉಳಿದ ಹೊತ್ತು ಅದರ ಮೇಲೆ ತಲೆಯಿಟ್ಟು ಮಲಗಿರುತ್ತಾರೆ. ಮೂಲೆಯ ಔಷಧಿ ಅಂಗಡಿಯಾತ ತೂಕ ನೋಡುವ ಯಂತ್ರದ ಮೇಲೆ ದಿನಕ್ಕೆ ಮೂರು ಸಲ ತಾನೇ ಹತ್ತಿ, ಮೂರು ಸಲವೂ ಬೇಜಾರಿನಿಂದ ಇಳಿಯುತ್ತಾನೆ. ಬಸ್ಸಿನಿಂದ ಇಳಿದು ನಾನು ಮನೆಗೆ ಬರುವ ದಾರಿಯೂ ಈ ಕಿಟಕಿಗೆ ಪೂರ್ತಿ ಕಾಣುತ್ತದೆ, ಮೂಲೆಯಲ್ಲಿ ನಿಂತು ನಾನು ಐಸ್ ಕ್ರೀಮ್ ತಿನ್ನುವ ಜಾಗದ ಸಮೇತ. "ಗಂಟಲು ನೋವು ಅಜ್ಜಿ, ಪಾತ್ರೆ ನೀನೇ ತೊಳಿ" ಎಂದು ನಾನು ಒಳಗೆ ಬರುತ್ತಿದ್ದಾಗ ನೀನು ಯಾಕೆ ಹಾಗೆ ನಗುತ್ತಿದ್ದೆ ಎಂದು ಈಗ ಗೊತ್ತಾಯಿತು. ಮತ್ತೆ ನೀನೇ ಪಾತ್ರೆ ತೊಳೆಯುತ್ತಿದ್ದೆಯಲ್ಲ, ಅದು ಯಾಕೆಂದು ಇನ್ನೂ ಗೊತ್ತಾಗಿಲ್ಲ.

ಅಕ್ಕನ ಹತ್ತಿರ ಕ್ರೋಶಾ ಕೂಡ ಕಲಿತೆ. ಕೂಸಿನ ಗಲ್ಲದ ಕೆಳಗೆ ಕಟ್ಟುವ ದಾರವನ್ನು ಅದರಲ್ಲೇ ಮಾಡುವುದು. ನನ್ನಂಥವರಿಗೆ ಹೇಳಿಮಾಡಿಸಿದ ಕೆಲಸ ಅದು. ಕೊಕ್ಕೆಯ ತುದಿಯಲ್ಲಿ ಒಂದೇ ಒಂದು ಕುಣಿಕೆ ಇರುತ್ತದೆ, ಹಿಂದಿನವೆಲ್ಲ ಆಗಲೇ ಬಾಗಿಲು ಹಾಕಿಕೊಂಡು ಮಲಗಿರುತ್ತವೆ. ಕೈಬಿಟ್ಟರೆ ಒಂದು ಹೋದೀತು, ಅಷ್ಟೇ. ನಿನ್ನ ಹೆಣಿಗೆ ಹಾಗಲ್ಲ. ಎಪ್ಪತ್ತೆರಡು ಕುಣಿಕೆಗಳೂ ಒಟ್ಟಿಗೆ ಕಡ್ಡಿಯ ಮೇಲೆ ಎದ್ದು ಕೂತಿರುತ್ತವೆ, ಎಲ್ಲವನ್ನೂ ಒಟ್ಟಿಗೆ ಕಾಯಬೇಕು. ಅದಕ್ಕೇ ಅಲ್ಲವೇ ನೀನು ಅವಕ್ಕೆ ನಮ್ಮ ಹೆಸರಿಟ್ಟದ್ದು? ಟೋಪಿಯ ಗೋಡೆ ಮುಗಿದು, ನೆತ್ತಿ ಮುಚ್ಚಲು ಶುರುಮಾಡುವ ಮೊದಲು ನೀನು ಎಂಟೆಂಟಾಗಿ ಎಣಿಸುತ್ತಿದ್ದೆ. ಎಂಟು ತಾತನದು (ಅವರು ಹೋಗಿ ಆರು ವರ್ಷವಾದರೂ ಮೊದಲ ಎಂಟು ಅವರದೇ), ಎಂಟು ನಿನ್ನದು, ಆಮೇಲೆ ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ಅತ್ತೆ, ಅಕ್ಕ, ಕೊನೆಯ ಎಂಟು ತರಲೆಯದು. ಒಂಬತ್ತು ಜನ, ಎಪ್ಪತ್ತೆರಡು. ಸರಿಬಂದರೆ ನೆತ್ತಿಯ ಮೇಲೆ ಒಂಬತ್ತು ಎಸಳಿನ ಹೂವು ಕೂಡಿಕೊಳ್ಳುತ್ತದೆ. "ಎಲ್ರೂ ಮನೇಲಿದ್ದಾರೆ, ಇನ್ನು ಬಾಗಿಲು ಹಾಕೋಣ" ಎಂದು ನೀನು ಹೇಳದೆ ಒಂದು ಟೋಪಿಯನ್ನೂ ಮುಚ್ಚಿದವಳಲ್ಲ.

ಅಜ್ಜಿ, ಇಲ್ಲಿಂದ ಮುಂದೆ ಜರತಾರಿ ಇಲ್ಲ.

ಮೂರು ತಿಂಗಳ ಹಿಂದೆ ನೆಂಟರ ಮುಂದೆ ನೀನು ನನ್ನ ಕಿವಿ ಹಿಂಡಿದೆಯಲ್ಲ, ಆ ಸಿಟ್ಟಿಗೆ ಶುರುವಾದದ್ದು. ನೀನು ಸ್ನಾನಕ್ಕೆ ಹೋದಾಗ ಅಕ್ಕನ ಕ್ರೋಶಾ ಕೊಕ್ಕೆ ತೆಗೆದುಕೊಂಡು, ಎರಡು ಕುಣಿಕೆಗಳ ನಡುವಿನ ಎಳೆಯನ್ನು ಮೆಲ್ಲಗೆ ಎತ್ತಿ ಕಡ್ಡಿಗೆ ಏರಿಸಿದೆ. ಎಪ್ಪತ್ತೆರಡು ಇದ್ದದ್ದು ಎಪ್ಪತ್ತಮೂರಾಯಿತು. ಅರ್ಧ ನಿಮಿಷದ ಕೆಲಸ. ನೀನು ಬಂದು ಎಣಿಸಿದೆ, ತಾತನಿಂದ ತರಲೆಯವರೆಗೆ ಎಲ್ಲರೂ ಬಂದರು, ಆದರೂ ಒಂದು ಉಳಿಯಿತು. "ಯಾರೋ ನೆಂಟ್ರು ಬಂದಂಗಿದೆ ಕಣೇ" ಎಂದು ನೀನು ನಕ್ಕೆ. ನಾನು ಬಹಳ ಗಂಭೀರವಾಗಿ "ಕಾಫಿಗೆ ಇಡ್ಲಾ?" ಅಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಅದು ಒಂದು ಒಳ್ಳೆಯ ತಮಾಷೆ. ನಿಲ್ಲಿಸಲಿಲ್ಲ. ಮೂರನೆಯ ಸಲ ನೀನು ನಗಲಿಲ್ಲ. ಐದನೆಯ ಸಲ ನನ್ನನ್ನೇ ಕರೆದು "ನನ್ನ ಕಣ್ಣು ಸರಿಯಿಲ್ಲ, ನೀನೇ ಎಣ್ಸೇ" ಅಂದೆ. ನಾನು ಎಣಿಸಿದೆ. ಕೊಕ್ಕೆ ಇನ್ನೂ ನನ್ನ ಜೇಬಿನಲ್ಲೇ ಇತ್ತು. "ಎಪ್ಪತ್ತಮೂರು ಅಜ್ಜಿ, ಸರಿಯಾಗಿ ನೋಡ್ಕೊಂಡು ಮಾಡ್ಬಾರ್ದಾ" ಎಂದು ನಿನಗೇ ಬುದ್ಧಿ ಹೇಳಿದೆ. ಆಮೇಲೆ ಒಂದು ದಿನ ನೀನು ಬೆರಳು ಮಡಚುತ್ತಾ ನಮ್ಮೆಲ್ಲರ ಹೆಸರನ್ನು ಹೇಳಿಕೊಂಡು, "ಒಂದು ಉಳೀತದಲ್ಲ, ಹಾಗಾದ್ರೆ ನಾನು ಯಾರನ್ನ ಮರ್ತೆ?" ಎಂದು ಗೋಡೆಯನ್ನು ಕೇಳುತ್ತಿದ್ದೆ. ನಾನು ಬಾಗಿಲ ಹಿಂದೆ ನಿಂತು ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದೆ. ಇದನ್ನು ಬರೆಯುವಾಗ ಪೆನ್ನು ಮೂರು ಸಲ ಕೆಳಗಿಟ್ಟೆ.

ಮುಚ್ಚದೆ ಉಳಿದ ಟೋಪಿಗಳನ್ನು ನೀನು ಬಿಚ್ಚಲೂ ಇಲ್ಲ, ಯಾರಿಗೂ ತೋರಿಸಲೂ ಇಲ್ಲ. ಕುಣಿಕೆಗಳಿಗೆ ದಾರ ಪೋಣಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ. ಅಂಥ ಟೋಪಿಗಳು ಹನ್ನೊಂದಾದ ದಿನ ಬೀಗದ ಕೈ, ಗ್ಯಾಸ್ ಲೈಟರು, ನಿನ್ನ ಮಾತ್ರೆಯ ಡಬ್ಬಿ, ಮೂರನ್ನೂ ಅಮ್ಮನ ಕೈಗಿಟ್ಟು "ಇನ್ನು ಇವನ್ನ ನನ್ನ ಹತ್ರ ಬಿಡಬೇಡ, ನನ್ನ ಲೆಕ್ಕ ತಪ್ತಾ ಇದೆ" ಅಂದೆ. ಅಮ್ಮ ಅತ್ತರು. ನಾನು ಅಲ್ಲೇ ನಿಂತಿದ್ದೆ. ಬಾಯಿ ತೆಗೆದರೆ ಸಾಕಿತ್ತು. ಇಡೀ ಮನೆಗೆ ಸಾಕಾಗುವಷ್ಟು ಮಾತಾಡುವ ಈ ಬಾಯಿ ಆವತ್ತು ಕಚ್ಚಿಕೊಂಡು ಕೂತಿತು. ಮಾರನೆಯ ದಿನ ಅತ್ತೆ ಬಂದು ನಿನ್ನನ್ನು ಕರೆದುಕೊಂಡು ಹೋದರು, ಬರುವ ಮಂಗಳವಾರಕ್ಕೆ ಮರೆವಿನ ಡಾಕ್ಟರ ಹತ್ತಿರ ಹೆಸರು ಬರೆಸಿದರು.

ಹೋದ ಭಾನುವಾರ ಆ ಡಬ್ಬಿ ತೆಗೆದೆ. ಹೆಚ್ಚಿನ ಕುಣಿಕೆಯನ್ನು ಇಳಿಸಿ, ನಿನ್ನ ಹಾಗೆಯೇ ತಾತನಿಂದ ಎಣಿಸಿ, ಆರು ಹೆಣೆದು ಎರಡನ್ನು ಜೋಡಿಸುತ್ತಾ ನೆತ್ತಿ ಮುಚ್ಚಿದೆ. ಒಂಬತ್ತು ಟೋಪಿಗಳನ್ನು ಗುರುವಾರ ಆಸ್ಪತ್ರೆಗೆ ಕೊಟ್ಟು ಬಂದೆ. ಬಾಣಂತಿಯರ ವಾರ್ಡಿನ ಆ ದಪ್ಪ ಕನ್ನಡಕದ ನರ್ಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ "ಟೋಪಿ ಅಜ್ಜಿ ಎಲ್ಲಿ? ತಿಂಗಳಾಯ್ತು ಪತ್ತೆನೇ ಇಲ್ಲ" ಎಂದು ಗದರಿದರು. ಅಂಗಡಿ ಟೋಪಿ ಜಾರಿ ಮೂಗಿನ ಮೇಲೆ ಬರುತ್ತದಂತೆ, ನಿನ್ನದು ಬಿಗಿಯೂ ಅಲ್ಲ, ಜಾರುವುದೂ ಇಲ್ಲವಂತೆ. ನನ್ನೆದುರಿಗೇ ಒಂದು ಕೂಸಿಗೆ ಹಾಕಿದರು. ಹುಟ್ಟಿ ನಾಲ್ಕು ಗಂಟೆಯಾಗಿತ್ತಂತೆ, ಮುಖ ನೋಡಿದರೆ ಆಗಲೇ ಯಾರ ಮೇಲೋ ದೂರು ಕೊಡಲು ಹೊರಟ ಹಾಗಿತ್ತು. ಟೋಪಿ ಹಾಕಿದ ಮೇಲೆ ಸುಮ್ಮನಾಯಿತು. ನಾನು ನಿನ್ನಿಂದ ಕಿತ್ತುಕೊಂಡದ್ದು ಏನು ಎಂದು ಆಗ ನನಗೆ ಕಂಡಿತು.

ಆದ್ದರಿಂದ ಅಜ್ಜಿ, ನಿನ್ನ ಲೆಕ್ಕ ತಪ್ಪಿಲ್ಲ. ನಿನ್ನ ತಲೆಗೆ ಏನೂ ಆಗಿಲ್ಲ. ಹನ್ನೊಂದೂ ನನ್ನದೇ ಕೈಕೆಲಸ. ಮಂಗಳವಾರದ ಡಾಕ್ಟರನ್ನು ಬೇಡ ಎನ್ನು, ದೊಡ್ಡಪ್ಪನ ಜೊತೆಯಲ್ಲೇ ಹೊರಟು ಬಾ. ಬೀಗದ ಕೈಯನ್ನು ಅಮ್ಮನಿಂದ ಕೇಳಿ ತೆಗೆದು ನಿನ್ನ ಬುಟ್ಟಿಯಲ್ಲಿ ಇಟ್ಟಿದ್ದೇನೆ. ಅಪ್ಪ, ಅಮ್ಮ, ಅಕ್ಕ ಮೂವರಿಗೂ ಬೆಳಿಗ್ಗೆ ಎಲ್ಲ ಹೇಳಿದೆ. ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ, ಮಿಕ್ಸಿಗೆ ಸಿಗುವ ಬೈಗುಳವೂ ನನಗೆ ಸಿಗುತ್ತಿಲ್ಲ. ನೀನು ಬಂದು ಕಿವಿ ಹಿಂಡು, ಎರಡೂ ಕಿವಿ ಖಾಲಿ ಇವೆ. ಇನ್ನು ಆರು ತಿಂಗಳು ಪಾತ್ರೆಗಳು ನನ್ನವು, ಗಂಟಲು ನೋವಿದ್ದರೂ, ಇಲ್ಲದಿದ್ದರೂ.

ಅತ್ತೆಗೆ ನನ್ನ ನಮಸ್ಕಾರ ಹೇಳು. ಬೈದರೆ ಅದನ್ನೂ ದೊಡ್ಡಪ್ಪನ ಕೈಯಲ್ಲೇ ಕಳಿಸಲು ಹೇಳು.

ನಿನ್ನ ಕೊನೆಯ ಎಂಟು,
ತರಲೆ

ತಾ.ಕ.: ಲಕೋಟೆಗೆ ಯಾಕೆ ಇಷ್ಟು ಟೇಪು ಎಂದರೆ, ಅಂಟಿಸಿದ ಮೇಲೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಭಾನುವಾರ ಬೆಳಿಗ್ಗೆ. ದೊಡ್ಡಪ್ಪ ಬೀದಿಯಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ. ಹನ್ನೊಂದೂ ನನ್ನವೇ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಒಂಬತ್ತು ಮಾತ್ರ ನನ್ನವು. ಡಬ್ಬಿಯಲ್ಲಿದ್ದ ಉಳಿದೆರಡನ್ನು ನಾನು ಮುಟ್ಟಿರಲೇ ಇಲ್ಲ, ಅವುಗಳಲ್ಲಿ ಹೆಚ್ಚು ಅಲ್ಲ, ಕಡಿಮೆ ಇದೆ. ಅರವತ್ನಾಲ್ಕೇ. ತಾತನಿಂದ ಎಣಿಸಿದರೆ ಅಕ್ಕನಿಗೆ ಮುಗಿದುಹೋಗುತ್ತದೆ, ನಾನು ಇಲ್ಲ. ನೀನು ನನ್ನ ಕಳ್ಳತನ ಕಂಡುಹಿಡಿದು ಬೇಕಂತಲೇ ನನ್ನನ್ನು ಹೊರಗೆ ಹಾಕಿದ್ದರೆ, ಅಜ್ಜಿ, ಇಲ್ಲಿಂದಲೇ ಕುಣಿಯುತ್ತೇನೆ, ಹಾಗಂತ ಒಂದು ಫೋನ್ ಮಾಡು. ಹಾಗಲ್ಲದಿದ್ದರೆ ಡಾಕ್ಟರನ್ನು ಬೇಡ ಎನ್ನಬೇಡ, ಮೇಲೆ ಬರೆದದ್ದನ್ನು ಹೊಡೆದುಹಾಕು. ಸೋಮವಾರದ ಬಸ್ಸಿಗೆ ನಾನೂ ಬರುತ್ತೇನೆ, ಆ ಎರಡು ಟೋಪಿಗಳನ್ನು ತರುತ್ತೇನೆ. ಒಂದು ವಾರದಿಂದ ಗೊತ್ತಿತ್ತು. ನಿನ್ನ ಮರೆವಿಗಿಂತ ನನ್ನ ತಪ್ಪೇ ವಾಸಿ ಅನ್ನಿಸಿ, ಎಲ್ಲವನ್ನೂ ನನ್ನ ಮೇಲೆ ಹಾಕಿಕೊಂಡಿದ್ದೆ.