ಗೋಡೆಯಾಚೆಯ ಒರಳು

ಇಸ್ಫಂದ್ ತಿಂಗಳ ೧೮, ಟೆಹರಾನ್

ಬಾಗಿಲಿಗೆ ಚಿಲಕ ಹಾಕಲು ಮರೆತವಳು ನಾನೇ. ಪಕ್ಕದ ಮನೆಯ ತೂಬಾ ಖಾನುಂ ಕನ್ನಡಕವಿಲ್ಲದೆ ನೇರ ಅಡುಗೆಮನೆಗೇ ಬಂದರು. ಬಿಯರಿಗೆಂದು ಮೊಳಕೆ ಬರಿಸಿದ್ದ ಬಾರ್ಲಿ ತಟ್ಟೆಗಳಲ್ಲಿ ಹರಡಿತ್ತು.

"ಹೊಸವರ್ಷದ ಹಬ್ಬಕ್ಕೆ ಸಮನು ಪಾಯಸ ಮಾಡ್ತಿದ್ದೀಯೇನೇ? ಗೋಧಿ ಎಷ್ಟ್ ಚೆನ್ನಾಗಿ ಮೊಳೆತಿದೆ!"

"ಹೂಂ" ಅಂದುಬಿಟ್ಟೆ. ಬಚ್ಚಲಲ್ಲಿ ಬಾಟಲಿ ತೊಳೆಯುತ್ತಿದ್ದ ನನ್ನ ಗಂಡ ಸಿಯಾಮಕ್ ತಟ್ಟನೆ ನಲ್ಲಿ ನಿಲ್ಲಿಸಿದ.

"ನನ್ ಗೋಧಿ ಯಾಕೋ ಮೊಳೀಲೇ ಇಲ್ಲ ಕಣೇ. ನಿಂದೇ ಒಂದಿಷ್ಟು ಕೊಡು," ಎಂದು ಎರಡು ಬೊಗಸೆ ಚಾದರದ ಸೆರಗಿಗೆ ಸುರಿದುಕೊಂಡು ಹೋದರು.

ಅವರ ಮನೆಯಲ್ಲೇ ಇರುವ ಅಳಿಯ ಪೊಲೀಸ್. ಇಲ್ಲಿ ಮದ್ಯಕ್ಕೆ ನಿಷೇಧ, ಸಿಕ್ಕಿಬಿದ್ದರೆ ಛಡಿಯೇಟು. ಬಾರ್ಲಿಗಿರುವ ಹೊಟ್ಟು ಗೋಧಿಗಿರುವುದಿಲ್ಲ, ಕುಟ್ಟುವ ಕೈಗೆ ತಿಳಿದೇ ತಿಳಿಯುತ್ತದೆ. ಸಂಜೆಯಿಂದ ಗೋಡೆಯಾಚೆ ಒರಳಿನ ಸದ್ದು, ನನ್ನ ಎದೆಯಲ್ಲೂ ಅದೇ.

ಸದ್ದು ಈಗ ನಿಂತಿತು.

"ಅಳಿಯಂದ್ರೇ, ಸ್ವಲ್ಪ ಇಲ್ಲಿ ಬಂದು ಇದನ್ನ ನೋಡಿ..."