ಕಾಗದದಲ್ಲಿ ಇರೋದು ಇರೋದೇ

ಮಾರ್ಚ್ 9, ಸೋಮವಾರ. ಅರಿಜೋನಾ.

ಇವತ್ತು ಹಾಲ್ಡೇನ್ ತಾನೇ ಕಾಫಿ ತಂದುಕೊಟ್ಟ. ತಂಡದ ಮಾಲೀಕ ಆಟಗಾರನಿಗೆ ಕಾಫಿ ತಂದನೆಂದರೆ ಮೂಗಿಗೆ ತುಪ್ಪ ಸವರಲು ಬಂದಿದ್ದಾನೆಂದೇ ಅರ್ಥ.

"ರಮೀರೊ, ಬೇರೆ ತಂಡದವ್ರು ನಿನ್ನ ಕರ್ಕೊಳ್ತಾರಂತೆ. ಒಪ್ಕೊಂಡು ಸಹಿ ಹಾಕ್ಬಿಡಪ್ಪ. ಇಲ್ಲಿ ಇನ್ಮೇಲೆ ನಿಂಗೆ ಬೆಂಚೇ ಗತಿ."

ನಾನು ಒಪ್ಪದೆ ನನ್ನನ್ನು ಎಲ್ಲಿಗೂ ಸಾಗಹಾಕುವಂತಿಲ್ಲ. ಹತ್ತು ವರ್ಷದ ಒಪ್ಪಂದದಲ್ಲಿ ಹಾಗೆಂದು ಬರೆದುಕೊಟ್ಟವನು ಅವನೇ. ಇನ್ನೂ ನಾಲ್ಕು ವರ್ಷ ಉಳಿದಿದೆ.

"ಮೂವತ್ತೇಳರ ಮುದುಕನ ಮೇಲೆ ಇಷ್ಟು ದುಡ್ಡು ಸುರಿಯೋದಕ್ಕೆ ಅರ್ಥ ಇದ್ಯಾ, ನೀನೇ ಹೇಳು," ಎಂದ.

ಅರ್ಥವಿಲ್ಲ, ನನಗೂ ಗೊತ್ತು. ಮಡಚಿದ ಮಂಡಿ ನೆಟ್ಟಗಾಗಲು ಈಗ ಹೊತ್ತು ಬೇಕು. ಆದರೆ ಇಪ್ಪತ್ತಮೂರನೇ ವಯಸ್ಸಿನಲ್ಲಿ ಪುಡಿಗಾಸಿಗೆ ಬೇಸ್‌ಬಾಲ್ ಆಡಿ ಅವನಿಗೆ ಕಪ್ ಗೆದ್ದುಕೊಟ್ಟೆನಲ್ಲ, ಅದಕ್ಕೆ ಅರ್ಥವಿತ್ತೇ? ಹೆಚ್ಚು ಕೊಡುವ ಕಡೆ ಹೋಗುತ್ತೇನೆ ಎಂದಾಗ ಆಗಿನ ಒಪ್ಪಂದ ತೋರಿಸಿ, ನನ್ನ ಬೆನ್ನು ತಟ್ಟಿ, "ಕಾಗದದಲ್ಲಿ ಇರೋದು ಇರೋದೇ, ಮಗಾ," ಎಂದಿದ್ದ.

ಹದಿನಾಲ್ಕು ವರ್ಷ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡಿದ್ದೆ. ಇವತ್ತು ಅವನ ಬೆನ್ನು ತಟ್ಟಿದೆ.

"ಕಾಗದದಲ್ಲಿ ಇರೋದು ಇರೋದೇ, ಸಾರ್."

ಅವನ ಮುಖ ಕೆಂಪಾಯಿತು. ಕಾಫಿಯನ್ನು ನಾನು ನಿಧಾನವಾಗಿ, ಪೂರ್ತಿ ಕುಡಿದೆ.

ಫೋನಿನಲ್ಲಿ ಯೆಸೇನಿಯಾಗೆ ಹೇಳಿದರೆ ಅವಳು ನಗಲಿಲ್ಲ. "ಅಲ್ಲಿಗೆ ಹೋದ್ರೆ ಆಡೋಕಾದ್ರೂ ಸಿಗ್ತಿತ್ತಲ್ರೀ," ಎಂದಳು. ಹೆಂಡತಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು.

ಮೈದಾನದಲ್ಲಿ ಹಾಲ್ಡೇನನ ಕುರ್ಚಿ ನಮ್ಮ ಬೆಂಚಿನ ನೇರಕ್ಕಿದೆ. ನಾಲ್ಕು ವರ್ಷವೂ ಅವನ ಕಣ್ಣೆದುರೇ ಕೂತು ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆ ಉಗಿಯುತ್ತೇನೆ. ನೋಡಿ ಉರಿದುಕೊಳ್ಳಲಿ.

ಬ್ಯಾಟುಗಳನ್ನು ಮಾತ್ರ ನಾಳೆಯೇ ಮನೆಗೆ ಕಳಿಸಿಬಿಡಬೇಕು. ಪಕ್ಕದಲ್ಲಿದ್ದರೆ ಕೈ ಸುಮ್ಮನೆ ಕೂರುವುದಿಲ್ಲ.